ಹಳೆಯ ದೊಡ್ಡ ಗಾಡಿಗಳ ಬ್ರೇಕ್ ದೋಷ: ಚಕ್ರ ಬಿಚ್ಚುವ ಮೊದಲು ಪೆಡಲ್ ಪರೀಕ್ಷಿಸುವ ಕ್ರಮ

ನಂದಿ ಬೆಟ್ಟ ಇಳಿಯುವಾಗ ಪೆಡಲ್ ಎಂದಿಗಿಂತ ಕೆಳಗೆ ಹೋಯಿತೆಂದು ಹೇಳಿದರೆ ಚಿಕ್ಕಬಳ್ಳಾಪುರದ ಕಡೆ ಮೊದಲು ಸಿಗುವ ಸಲಹೆ ಪ್ಯಾಡ್ ಬದಲಾಯಿಸಿ ಎಂಬುದು. ಜನ, ಸರಕು ಸೇರಿ ಎರಡು ಟನ್ ದಾಟುವ ಹಳೆಯ ಬೊಲೆರೊ, ಸುಮೊ, ಕ್ವಾಲಿಸ್‌ಗಳಲ್ಲಿ ಪ್ಯಾಡ್ ಸವೆಯುವುದು ನಿಜವಾದರೂ ಎಲ್ಲ ದೋಷವೂ ಅಲ್ಲಿಯೇ ಇರುವುದಿಲ್ಲ. ದೋಷ ಎಲ್ಲಿದೆ ಎಂಬುದನ್ನು ಹೆಚ್ಚಿನ ಸಲ ಪೆಡಲೇ ತಿಳಿಸುವುದರಿಂದ, ಪಾನಾ ಕೈಗೆತ್ತಿಕೊಳ್ಳುವ ಮೊದಲು ಹತ್ತು ನಿಮಿಷ ಚಾಲಕನ ಸೀಟಿನಲ್ಲಿ ಕುಳಿತು ಪರೀಕ್ಷಿಸುವುದು ಒಳ್ಳೆಯದು.

ಎಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಿದರೆ, ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್‌ನಲ್ಲಿ ಉಳಿದಿದ್ದ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಆಗ ಕಾಲು ತೆಗೆಯದೆ ಎಂಜಿನ್ ಚಾಲೂ ಮಾಡಬೇಕು. ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಬೂಸ್ಟರನ್ನೇ ದೂರುವ ಮೊದಲು ಅದಕ್ಕೆ ಹೋಗುವ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯೇ, ಒನ್‌ವೇ ವಾಲ್ವ್ ಸರಿಯಿದೆಯೇ ಎಂದು ನೋಡಬೇಕು. ಡೀಸೆಲ್ ಗಾಡಿಗಳಲ್ಲಿ ವ್ಯಾಕ್ಯೂಮ್‌ಗೆಂದು ಬೇರೆ ಪಂಪ್ ಇರುತ್ತದೆ. ಹಳೆಯ ಅನೇಕ ಗಾಡಿಗಳಲ್ಲಿ ಅದು ಆಲ್ಟರ್ನೇಟರ್ ಬೆನ್ನಿಗೇ ಕೂತಿರುತ್ತದೆ. ಆ ಪಂಪ್ ಸವೆದಿದ್ದರೆ ಬೂಸ್ಟರ್ ಹೊಸದು ಹಾಕಿಸಿದರೂ ಪೆಡಲ್ ಕಲ್ಲಿನಂತೆಯೇ ಇರುತ್ತದೆ.

ಎಂಜಿನ್ ಚಾಲೂ ಇರುವಾಗಲೇ ಪೆಡಲನ್ನು ಒಂದೇ ಸಮನೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಮೆಲ್ಲನೆ ಕೆಳಗಿಳಿಯುತ್ತಾ ಹೋದರೆ ಎಲ್ಲಿಯೋ ಆಯಿಲ್ ಸೋರುತ್ತಿದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಒಳಗಿನ ವಾಷರ್ ಸೋತಿದೆ; ಹೊರಗೆ ಎಲ್ಲೂ ತೇವ ಕಾಣದೆ, ಡಬ್ಬಿಯ ಆಯಿಲ್ ಮಟ್ಟವೂ ಇಳಿಯದಿದ್ದರೆ ಎರಡನೆಯದೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ಸ್ಪಂಜಿನಂತೆ ಮೆತ್ತಗಿದ್ದು, ಬೇಗ ಬೇಗ ಎರಡು ಮೂರು ಸಲ ಒತ್ತಿದರೆ ಮೇಲೆ ಬರುವ ಪೆಡಲ್ ಲೈನಿನಲ್ಲಿ ಏರ್ ಸೇರಿರುವುದರ ಲಕ್ಷಣ. ಓಡುವಾಗ ಬ್ರೇಕ್ ಹಿಡಿದರೆ ಕಾಲಿಗೆ ಮಿಡಿತ ಬಡಿಯುವುದು ಡಿಸ್ಕ್ ಅಥವಾ ಡ್ರಮ್ ಸಮತಟ್ಟು ತಪ್ಪಿದ್ದರಿಂದ. ಲೇತ್‌ಗೆ ಹಾಕಿಸುವ ಮೊದಲು ಡಿಸ್ಕ್ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪವನ್ನು ಓದಿಕೊಳ್ಳಬೇಕು.

ಗಾಡಿ ಎತ್ತುವಾಗ ಜ್ಯಾಕ್ ಒಂದನ್ನೇ ನಂಬಬಾರದು. ನೆಲದ ಮೇಲೆ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೆಳಗೆ ಕೈ ಹಾಕಬೇಕು.

ಬ್ರೇಕ್ ಒಂದು ಕಡೆಗೆ ಎಳೆಯುವುದು, ಒಂದೇ ಚಕ್ರ ಬಿಸಿಯಾಗುವುದು ಇವುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾನು ಇಲ್ಲಿಯೇ ಮೋಸಹೋದೆ. ನನ್ನ ಗಾಡಿಯ ಎಡ ಮುಂಚಕ್ರ ಚಿಂತಾಮಣಿಗೆ ಹೋಗಿ ಬರುವಷ್ಟರಲ್ಲಿ ಕೈ ಇಡಲಾಗದಷ್ಟು ಕಾಯುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಎರಡು ಸಲ ಪ್ಯಾಡ್, ಒಂದು ಸಲ ಕ್ಯಾಲಿಪರ್ (ಪಿಸ್ಟನ್ ಮೂಲಕ ಪ್ಯಾಡನ್ನು ಡಿಸ್ಕ್ ಮೇಲೆ ಒತ್ತುವ ಭಾಗ) ಕಿಟ್ ಹಾಕಿದರು, ಕಾಯುವುದು ನಿಲ್ಲಲಿಲ್ಲ. ಕೊನೆಗೆ ಮನೆಯಂಗಳದಲ್ಲಿ ಚಕ್ರ ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಕೈಯಿಂದ ತಿರುಗಿಸಿದೆ, ಬಿಗಿಯಾಗಿತ್ತು. ಕ್ಯಾಲಿಪರ್‌ನ ಏರ್ ನಿಪ್ಪಲನ್ನು (ಲೈನಿನ ಏರ್ ಹೊರಬಿಡುವ ತಿರುಪು) ಕಾಲು ಸುತ್ತು ಸಡಿಲಿಸಿದೊಡನೆ ಆಯಿಲ್ ಚಿಮ್ಮಿ, ಚಕ್ರ ಹಗುರವಾಗಿ ತಿರುಗಿತು. ಅಂದರೆ ಪಿಸ್ಟನ್ ಹಿಡಿದುಕೊಂಡಿರಲಿಲ್ಲ, ಆಯಿಲ್ ಹಿಂದಿರುಗುತ್ತಿರಲಿಲ್ಲ. ಮತ್ತೆ ಬ್ರೇಕ್ ಒತ್ತಿ ಬಿಟ್ಟು, ಈ ಸಲ ಹೋಸ್ ಪೈಪ್‌ಗಿಂತ ಮೇಲಿನ ಲೋಹದ ಪೈಪಿನ ಜಾಯಿಂಟ್ ಸಡಿಲಿಸಿದಾಗ ಚಕ್ರ ಬಿಗಿಯಾಗಿಯೇ ಉಳಿಯಿತು. ಹೊರಗೆ ಹೊಸದರಂತೆ ಕಾಣುತ್ತಿದ್ದ ಹೋಸ್ ಒಳಗೆ ಊದಿ, ಆಯಿಲನ್ನು ಹೋಗಲು ಬಿಟ್ಟು ಬರಲು ಬಿಡುತ್ತಿರಲಿಲ್ಲ. ಮೇಲಿನ ಜಾಯಿಂಟ್‌ ಸಡಿಲಿಸಿದಾಗಲೇ ಚಕ್ರ ಹಗುರವಾಗಿದ್ದರೆ ದೋಷ ಮಾಸ್ಟರ್ ಸಿಲಿಂಡರ್ ಕಡೆಯದು. ನಿಪ್ಪಲ್ ಬಿಚ್ಚಿದರೂ ಸಡಿಲವಾಗದಿದ್ದರೆ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದಿದೆ. ಹೋಸ್ ಬದಲಾಯಿಸುವಾಗ ಎರಡೂ ಕಡೆಯದನ್ನು ಒಟ್ಟಿಗೆ ಬದಲಾಯಿಸುವುದು ಮೇಲು.

ಹಿಂದಿನ ಡ್ರಮ್ ತೆಗೆದಾಗ ಒಳಗೆ ತೇವವಿದ್ದರೆ ಮೂಸಿ ನೋಡಬೇಕು. ಗಂಧಕದಂಥ ಘಾಟು ಇದ್ದರೆ ಅದು ಗೇರ್ ಆಯಿಲ್. ಆಕ್ಸಲ್ ಆಯಿಲ್ ಸೀಲ್ ಹೋಗಿದೆ. ಇಲ್ಲವಾದರೆ ವೀಲ್ ಸಿಲಿಂಡರ್ ಸೋರುತ್ತಿದೆ. ಎಣ್ಣೆ ಕುಡಿದ ಲೈನರನ್ನು (ಡ್ರಮ್ಮಿಗೆ ಉಜ್ಜುವ ಪದರ) ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುವ ರೂಢಿ ನಮ್ಮಲ್ಲಿದೆ, ಆದರೆ ಬಿಸಿಯಾದಾಗ ಎಣ್ಣೆ ಪುನಃ ಹೊರಬರುತ್ತದೆ. ಎರಡೂ ಬದಿಯ ಲೈನರ್‌ಗಳನ್ನು ಬದಲಾಯಿಸಲೇಬೇಕು. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಸ್ ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಏರ್ ಪೈಪಿನಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಟೊಮ್ಯಾಟೊ ಕ್ರೇಟ್ ಹೇರಲೆಂದು ಹಿಂದಿನ ಸ್ಪ್ರಿಂಗಿಗೆ ಹೆಚ್ಚುವರಿ ಪಟ್ಟಿ ಹಾಕಿಸಿದವರು ಇನ್ನೊಂದನ್ನೂ ಗಮನಿಸಬೇಕು: ಹಿಂದಿನ ಆಕ್ಸಲ್‌ಗೆ ಕೊಂಡಿ ಕೂಡಿಸಿದ, ಹೊರೆಗೆ ತಕ್ಕಂತೆ ಒತ್ತಡ ಹೊಂದಿಸುವ ಲೋಡ್ ವಾಲ್ವ್ ಇದ್ದರೆ, ಎತ್ತರವಾದ ಗಾಡಿಯನ್ನು ಅದು ಖಾಲಿ ಗಾಡಿಯೆಂದೇ ತಿಳಿದು ಹಿಂಬ್ರೇಕ್‌ಗೆ ಒತ್ತಡ ಕಡಿಮೆ ಕಳಿಸುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಬೆಟ್ಟ ಇಳಿಯುವಾಗ ಪೆಡಲ್ ಹೋಗಿ, ಸ್ವಲ್ಪ ಹೊತ್ತು ನಿಲ್ಲಿಸಿದರೆ ತಾನಾಗಿ ಮರಳುವುದು ಹೀಗೆ ಆಯಿಲ್ ಕುದಿದಾಗಲೇ. ಏರ್ ತೆಗೆಯುವಾಗ ಹಿಂದಿನ ಎಡ ಚಕ್ರದಿಂದ ಆರಂಭಿಸಿ ಮುಂದಿನ ಬಲ ಚಕ್ರದಲ್ಲಿ ಮುಗಿಸುವುದು ಸಾಮಾನ್ಯ ಕ್ರಮ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಪೂರ್ತಿ ಕೆಳಗೆ ತುಳಿದರೆ ವಾಷರ್ ಎಂದೂ ಮುಟ್ಟದ ತುಕ್ಕಿನ ಭಾಗಕ್ಕೆ ಉಜ್ಜಿ, ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಅಂದೇ ಕೆಡುತ್ತದೆ. ಬಣ್ಣದ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಸುರಿಯಿರಿ.

ಕೆಲಸ ಮುಗಿದ ಮೇಲೆ ನಿಂತಲ್ಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಖಾಲಿ ರಸ್ತೆಯಲ್ಲಿ 30 ಕಿ.ಮೀ. ವೇಗದೊಳಗೆ ಹಲವು ಸಲ ಬ್ರೇಕ್ ಹಿಡಿದು ನೋಡಬೇಕು. ಐದು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿದು ಬಿಸಿಯನ್ನು ಹೋಲಿಸಿ, ನಟ್‌ಗಳನ್ನು ಮತ್ತೊಮ್ಮೆ ಬಿಗಿಗೊಳಿಸಿ.