ಕಲ್ಲಿನ ನೋವಿಗೆ ಜ್ವರ ಸೇರಿದರೆ ಕಾಯಬೇಡಿ
ರಾಯಚೂರಿನಲ್ಲಿ ದಾದಿಯಾಗಿರುವ ನನಗೆ ಬೇಸಿಗೆ ಬಂತೆಂದರೆ ಮೂತ್ರಪಿಂಡದ ಕಲ್ಲಿನ ರೋಗಿಗಳದ್ದೇ ಚಿಂತೆ. ಅವರು ಕೂರಲಾರರು, ಮಲಗಲಾರರು, ಹೊರಳಾಡುತ್ತಾರೆ. ಪಕ್ಕೆಲುಬಿನ ಕೆಳಗೆ, ಬೆನ್ನಿನ ಒಂದು ಬದಿಯಲ್ಲಿ ಹುಟ್ಟುವ ನೋವು ಅಲೆಅಲೆಯಾಗಿ ತೊಡೆಸಂದಿಗೆ ಇಳಿಯುತ್ತದೆ. ವಾಕರಿಕೆ, ಕೆಂಪು ಮೂತ್ರವೂ ಇರಬಹುದು. 5 ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲು ಬಹುಮಟ್ಟಿಗೆ ತಾನಾಗಿಯೇ ಹೊರಬೀಳುತ್ತದೆ.

ಆದರೂ ಥರ್ಮಾಮೀಟರ್ ಇಟ್ಟು ನೋಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿ ಚಳಿನಡುಕ ಬಂದರೆ, ಬಾಳೆದಿಂಡಿನ ರಸ ಕುಡಿದು ಬೆಳಗಾಗಲೆಂದು ಕಾಯಬೇಡಿ, ದಯವಿಟ್ಟು. ಕಲ್ಲು ಅಡ್ಡಗಟ್ಟಿದ ಮೂತ್ರದಲ್ಲಿ ಸೋಂಕು ಬೆಳೆದು ರಕ್ತಕ್ಕೆ ಹರಡಬಹುದು. ಆಗ ಆ್ಯಂಟಿಬಯೋಟಿಕ್ ಒಂದೇ ಸಾಲದು, ಕೊಳವೆ ಹಾಕಿ ಮೂತ್ರಕ್ಕೆ ದಾರಿ ಮಾಡಬೇಕಾಗುತ್ತದೆ. ಕೂಡಲೇ 108ಕ್ಕೆ ಕರೆ ಮಾಡಿ. ಮೂತ್ರ ನಿಂತೇ ಹೋದರೂ ಅಷ್ಟೇ ಅವಸರ. ಗರ್ಭಿಣಿಯರು, ಮಧುಮೇಹಿಗಳು, ಒಂದೇ ಮೂತ್ರಪಿಂಡ ಇರುವವರು ಜ್ವರಕ್ಕೂ ಕಾಯದೆ, ನೋವು ಶುರುವಾದಾಗಲೇ ಆಸ್ಪತ್ರೆಗೆ ಬನ್ನಿ.