ಕ್ಯಾಶ್ ಖಾಲಿ ಇತ್ತು, ಆದರೂ ಜಾಗ ಇರಲಿಲ್ಲ

1000 ಪಿಕ್ಸೆಲ್ ಅಗಲದ ಚಿತ್ರ ಬೇಗ ಮುಗಿಯುತ್ತಿತ್ತು. 1024 ಪಿಕ್ಸೆಲ್ ಅಗಲದ್ದಕ್ಕೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಹೊತ್ತು ಬೇಕಾಗುತ್ತಿತ್ತು. ಎರಡರ ಎತ್ತರವೂ 256 ಸಾಲು. ಕೋಡ್ ಕೂಡ ಅದೇ. ಬರೀ 24 ಪಿಕ್ಸೆಲ್‌ಗೆ ಇಷ್ಟೊಂದು ವ್ಯತ್ಯಾಸ ಹೇಗೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ.

ನಾನು ಬರೆದದ್ದು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ನಯ ಮಾಡುವ ಫಿಲ್ಟರ್. ಪ್ರತಿ ಪಿಕ್ಸೆಲ್‌ನ ಲೆಕ್ಕಕ್ಕೆ ಅದರ ಮೇಲಿನ ಪಿಕ್ಸೆಲ್‌ನ ಉತ್ತರ ಬೇಕು. ಹಾಗಾಗಿ ಒಂದು ಕಾಲಂ ಪೂರ್ತಿ ಇಳಿದು, ಆಮೇಲೆ ಪಕ್ಕದ ಕಾಲಂಗೆ ಹೋಗುತ್ತಿದ್ದೆ. ಪ್ರೋಗ್ರಾಂ ಎಲ್ಲಿ ನಿಧಾನವಾಗುತ್ತಿದೆ ಅಂತ ತೋರಿಸುವ ಲಿನಕ್ಸ್‌ನ ಪರ್ಫ್ ಹಾಕಿ ನೋಡಿದೆ. 1024ರಲ್ಲಿ ಎಲ್1 ಕ್ಯಾಶ್ ಮಿಸ್‌ಗಳು ರಾಶಿ ರಾಶಿ. ಎಲ್1 ಕ್ಯಾಶ್ ಅಂದರೆ ಪ್ರೊಸೆಸರ್ ಒಳಗೇ ಇರುವ ಚಿಕ್ಕ, ವೇಗದ ಮೆಮೊರಿ. ಬೇಕಾದದ್ದು ಅಲ್ಲಿ ಸಿಕ್ಕರೆ ಹಿಟ್, ಸಿಗದಿದ್ದರೆ ಮಿಸ್.

ಆಗ ಪೆನ್ನು ಹಿಡಿದು ವಿಳಾಸಗಳನ್ನು ಬರೆಯುತ್ತಾ ಕೂತೆ. ನನ್ನ ಯಂತ್ರದ ಎಲ್1 ಡೇಟಾ ಕ್ಯಾಶ್ 32 ಕೆಬಿ. ಡೇಟಾ ಅದರೊಳಗೆ ಬರುವುದು ಲೈನ್ ಅನ್ನುವ ತುಂಡುಗಳಲ್ಲಿ. ಒಂದು ಲೈನ್ 64 ಬೈಟ್, ಹಾಗಾಗಿ ಒಟ್ಟು 512 ಲೈನ್. ಆದರೆ ಅವು ಎಲ್ಲೆಂದರಲ್ಲಿ ಕೂರುವುದಿಲ್ಲ. ಇರುವುದು 64 ಸೆಟ್, ಸೆಟ್‌ಗೆ 8 ಜಾಗ. ಯಾವ ಸೆಟ್ ಅನ್ನುವುದನ್ನು ವಿಳಾಸವೇ ಹೇಳುತ್ತದೆ. ಕೊನೆಯ 6 ಬಿಟ್ ಲೈನ್‌ನ ಒಳಗಿನ ಸ್ಥಾನ, ಅದರ ಮೇಲಿನ 6 ಬಿಟ್ ಸೆಟ್‌ನ ನಂಬರ್, ಉಳಿದದ್ದು ಟ್ಯಾಗ್, ಅಂದರೆ ಅಲ್ಲಿ ಕೂತಿರುವುದು ಯಾವ ಲೈನ್ ಅನ್ನುವ ಗುರುತು. ಹುಡುಕುವಾಗ ಆ ಸೆಟ್‌ನ 8 ಟ್ಯಾಗ್ ನೋಡಿದರೆ ಸಾಕು. ಎಲ್ಲಿ ಬೇಕಾದರೂ ಇಡಬಹುದು ಅಂತಾದರೆ 512 ಟ್ಯಾಗ್‌ಗಳನ್ನೂ ಹೋಲಿಸಬೇಕಾಗುತ್ತದೆ.

ನನ್ನ ಪಿಕ್ಸೆಲ್ 4 ಬೈಟ್. 1024 ಪಿಕ್ಸೆಲ್‌ನ ಸಾಲು 4096 ಬೈಟ್. ವಿಳಾಸಕ್ಕೆ 4096 ಕೂಡಿಸಿದರೆ ಕೆಳಗಿನ 12 ಬಿಟ್ ಒಂಚೂರೂ ಬದಲಾಗುವುದಿಲ್ಲ, ಅಲ್ವಾ? ಅಂದರೆ ಕಾಲಂನ 256 ಪಿಕ್ಸೆಲ್‌ಗಳೂ ಒಂದೇ ಸೆಟ್‌ಗೆ ನುಗ್ಗುತ್ತಿದ್ದವು. ಇರುವ 8 ಜಾಗಕ್ಕೆ 256 ಲೈನ್‌ಗಳ ನೂಕುನುಗ್ಗಲು. ಪಕ್ಕದ ಕಾಲಂಗೆ ಅದೇ ಲೈನ್‌ಗಳು ಮತ್ತೆ ಬೇಕಾಗುವ ಹೊತ್ತಿಗೆ ಅವು ಹೊರಗೆ ಹೋಗಿರುತ್ತಿದ್ದವು. ಉಳಿದ 63 ಸೆಟ್ ಆ ಹೊತ್ತಿಗೆ ಸುಮ್ನೆ ಕೂತಿದ್ದವು. ಇದು ಹೊಳೆದಾಗ ನನಗಾದ ಖುಷಿ ಇವತ್ತಿಗೂ ನೆನಪಿದೆ.

ಹಳೆಯದನ್ನು ಹೊರಹಾಕುವ ನಿಯಮವೂ ಇಲ್ಲಿ ಕೈಕೊಡುತ್ತದೆ. ಬಳಸಿ ತುಂಬ ಹೊತ್ತಾದದ್ದನ್ನು ತೆಗೆಯುವುದು ಎಲ್‌ಆರ್‌ಯು. ಸಾಮಾನ್ಯವಾಗಿ ಒಳ್ಳೆಯ ನಿಯಮವೇ. ಆದರೆ 8 ಜಾಗದ ಸೆಟ್‌ನಲ್ಲಿ 9 ಲೈನ್‌ಗಳನ್ನು ಸುತ್ತಿ ಸುತ್ತಿ ಓದಿದರೆ, ಮುಂದೆ ಬೇಕಾದದ್ದೇ ಪ್ರತಿ ಸಲ ಹೊರಗೆ ಹೋಗಿರುತ್ತದೆ. ಒಂದೂ ಹಿಟ್ ಇಲ್ಲ. ನಂಬಿಕೆ ಬಾರದೆ ಸಿ ಭಾಷೆಯಲ್ಲಿ ಚಿಕ್ಕ ಸಿಮ್ಯುಲೇಟರ್ ಬರೆದೆ. ಯಾವುದೋ ಒಂದನ್ನು ಆರಿಸಿ ತೆಗೆಯುವ ರ‍್ಯಾಂಡಮ್ ನಿಯಮವೇ ಅಲ್ಲಿ ಎಲ್‌ಆರ್‌ಯುಗಿಂತ ಚೆನ್ನಾಗಿತ್ತು. ಎಲ್ಲಕ್ಕಿಂತ ತಡವಾಗಿ ಬೇಕಾಗುವುದನ್ನು ತೆಗೆಯಬೇಕು ಅನ್ನುವುದು 1966ರಲ್ಲಿ ಐಬಿಎಂನ ಬೆಲಾಡಿ ಕೊಟ್ಟ ನಿಯಮ. ಅದರಲ್ಲಿ 8 ಸಲ ಓದಿದರೆ ಒಂದೇ ಮಿಸ್. ಆದರೆ ಅದಕ್ಕೆ ಮುಂದೇನು ಓದುತ್ತೇವೆ ಅನ್ನುವುದು ಮೊದಲೇ ಗೊತ್ತಿರಬೇಕು. ಚಿಪ್‌ಗೆ ಅದು ಆಗದ ಮಾತು.

ನಾನು ಮಾಡಿದ್ದು ಇಷ್ಟೇ. ಮೆಮೊರಿಯಲ್ಲಿ ಪ್ರತಿ ಸಾಲಿನ ಕೊನೆಗೆ ಬಳಸದ 16 ಪಿಕ್ಸೆಲ್ ಸೇರಿಸಿದೆ. ಸಾಲು 4160 ಬೈಟ್ ಆಯಿತು, ಅಂದರೆ ಸರಿಯಾಗಿ 65 ಲೈನ್. ಈಗ ಒಂದು ಸಾಲು ಕೆಳಗಿಳಿದರೆ ಸೆಟ್ ಕೂಡ ಒಂದು ಮುಂದೆ ಹೋಗುತ್ತದೆ. 256 ಸಾಲು 64 ಸೆಟ್‌ಗಳಿಗೆ ಹಂಚಿದರೆ ಸೆಟ್‌ಗೆ ನಾಲ್ಕೇ ಲೈನ್. ಮಿಸ್‌ಗಳು ಇಳಿದವು.

ಆಮೇಲೆ ಇನ್ನೂ ಒಳ್ಳೆಯ ದಾರಿ ಕಂಡಿತು. ಒಂದು ಲೈನ್‌ನಲ್ಲಿ 16 ಪಿಕ್ಸೆಲ್ ಇವೆ. ಹಾಗಾದರೆ 16 ಕಾಲಂಗಳನ್ನು ಒಟ್ಟಿಗೆ ಇಳಿಸಿದರೆ ಆಯಿತಲ್ಲ. ಬಂದ ಲೈನ್ ಆಗಲೇ ಪೂರ್ತಿ ಬಳಕೆಯಾಗುತ್ತದೆ, ಮರುಕ್ಷಣ ಹೊರಗೆ ಹೋದರೂ ನಷ್ಟವಿಲ್ಲ. ಸೇರಿಸಿದ್ದ ಆ 16 ಪಿಕ್ಸೆಲ್‌ಗಳನ್ನು ಕೊನೆಗೆ ತೆಗೆದುಬಿಟ್ಟೆ.