ತೋಟದ ಮನೆಗೆ ಉಪಗ್ರಹ ಇಂಟರ್ನೆಟ್: ದುಡ್ಡು ಕಟ್ಟುವ ಮುಂಚೆ ತಾರಸಿ ಹತ್ತಿ

ತಿಪಟೂರಿನ ಹತ್ತಿರ ನಮ್ಮ ಚಿಕ್ಕಪ್ಪನ ತೋಟದ ಮನೆಯಿದೆ. ಸುತ್ತ ತೆಂಗು. ಊರಿಗೆ ಬಂದ ಮಗಳು ಆಫೀಸಿನ ಮೀಟಿಂಗ್‌ಗೆ ಲ್ಯಾಪ್‌ಟಾಪ್ ಹಿಡಿದು ತಾರಸಿಯ ಟ್ಯಾಂಕ್ ಪಕ್ಕ ಕೂರಬೇಕು. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಉಪಗ್ರಹ ಇಂಟರ್ನೆಟ್ ಹಾಕಿಸೋಣ ಎಂದು ಚಿಕ್ಕಪ್ಪ ಹಟ ಹಿಡಿದರು. ಮರ ಅಡ್ಡ ಬರುತ್ತೆ ಅಂದರೆ, “ಟಿವಿ ಡಿಶ್‌ಗೆ ಬರ್ತಾ ಇಲ್ವೇನೋ? ಇದಕ್ಕೇನು ರೋಗ?” ಅಂದರು. ಇದೇ ಮಾತನ್ನು ಬೇರೆ ಮನೆಗಳಲ್ಲೂ ಕೇಳಿದ್ದೇನೆ. ಜನ ಎಡವುವುದು ಇಲ್ಲೇ.

1. ನೆಲದ ದಾರಿ ಮೊದಲು ನೋಡಿ

ಗ್ರಾಮ ಪಂಚಾಯಿತಿ ಕಚೇರಿವರೆಗೆ ಭಾರತ್‌ನೆಟ್ ಫೈಬರ್ ಬಂದಿದ್ದರೆ, ಅಲ್ಲಿಂದ ಮನೆಗೆ ಎಳೆದುಕೊಡುತ್ತಾರಾ ವಿಚಾರಿಸಿ. ಊರಿನ ಕೇಬಲ್‌ನವರನ್ನೂ ಕೇಳಿ. ಫೈಬರ್ ಸಿಕ್ಕಿತು ಅಂದರೆ ಈ ಲೇಖನ ಇಲ್ಲಿಗೇ ಬಿಡಿ. ಸಿಗದಿದ್ದರೆ ಸಿಮ್ ಹಾಕುವ 4ಜಿ ರೂಟರ್‌ಗೆ ಹೊರಗಿನ ಆಂಟೆನಾ ಜೋಡಿಸಿ, ಜಿಐ ಪೈಪ್‌ಗೆ ಕಟ್ಟಿ ನೋಡಿ. ವೇಗ ಅಳೆಯುವುದು ರಾತ್ರಿ ಎಂಟರ ಮೇಲೆ. ಊರೆಲ್ಲ ವಿಡಿಯೊ ನೋಡುವ ಹೊತ್ತದು, ಮಧ್ಯಾಹ್ನದ ಲೆಕ್ಕ ನಂಬಬೇಡಿ.

ಆನ್‌ಲೈನ್‌ನಲ್ಲಿ ಮಾರುವ ಸಿಗ್ನಲ್ ಬೂಸ್ಟರ್ ಮಾತ್ರ ತರಲೇಬೇಡಿ. ನಮ್ಮಂಥವರು ಅದನ್ನು ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಸಾಲದ್ದಕ್ಕೆ ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತದೆ.

2. ಯಾವ ಉಪಗ್ರಹ ಅಂತ ಕೇಳಿ

ಹಳೆಯ ಬಗೆಯ ಸೇವೆಯ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿರುತ್ತದೆ. ಒಂದು ಕ್ಲಿಕ್ ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ ಬೇಕು. ಇಮೇಲ್‌ಗೆ ಸಾಕು. ವಿಡಿಯೊ ಕಾಲ್‌ನಲ್ಲಿ ಮಾತ್ರ ಇಬ್ಬರೂ ಒಟ್ಟಿಗೇ ಮಾತಾಡಿ, ಒಟ್ಟಿಗೇ ಸುಮ್ಮನಾಗುತ್ತೀರಿ. ಇಲಾನ್ ಮಸ್ಕ್ ಕಂಪನಿಯ ಸ್ಟಾರ್‌ಲಿಂಕ್‌ನಂಥ ಹೊಸ ಸೇವೆಗಳ ಉಪಗ್ರಹಗಳು ಐನೂರು ಕಿಲೋಮೀಟರ್ ಆಸುಪಾಸಿನಲ್ಲೇ ಸುತ್ತುತ್ತವೆ, ಈ ತೊಂದರೆ ಇಲ್ಲ. ಮನೆಯಿಂದ ಕೆಲಸ ಮಾಡುವವರಿದ್ದರೆ ಹೀಗೆ ಕೆಳಗೆ ಸುತ್ತುವ ಉಪಗ್ರಹದ ಸೇವೆಯೇ ಬೇಕು.

3. ಆಕಾಶ ಅಳೆಯಿರಿ

ಈಗ ಚಿಕ್ಕಪ್ಪನ ಪ್ರಶ್ನೆ. ಟಿವಿಯ ಉಪಗ್ರಹ ನಮ್ಮ ಪಾಲಿಗೆ ನಿಂತಲ್ಲೇ ನಿಂತಿರುತ್ತದೆ. ಡಿಶ್‌ಗೆ ಎರಡು ಗರಿಗಳ ನಡುವೆ ಒಂದು ಕಿಂಡಿ ಸಿಕ್ಕರೂ ಸಾಕು. ಕೆಳಗಿನ ಉಪಗ್ರಹಗಳು ಓಡುತ್ತಿರುತ್ತವೆ. ಒಂದು ಮರೆಯಾಗುವಷ್ಟರಲ್ಲಿ ಇನ್ನೊಂದನ್ನು ಹಿಡಿಯಬೇಕು. ಸ್ಟಾರ್‌ಲಿಂಕ್‌ನ ಈಗಿನ ಸಾಮಾನ್ಯ ಡಿಶ್‌ಗೆ 110 ಡಿಗ್ರಿಯಷ್ಟು ಅಗಲದ ಬಯಲು ಆಕಾಶ ಬೇಕು. ದೊಡ್ಡ ಆಲಿಕೆಯೊಂದನ್ನು ತಾರಸಿಯ ಮೇಲೆ ನಿಲ್ಲಿಸಿದ ಹಾಗೆ ಅಂದುಕೊಳ್ಳಿ. ಅದರ ಅಂಚು ಮಟ್ಟದ ಗೆರೆಯಿಂದ 35 ಡಿಗ್ರಿ ಮೇಲಿರುತ್ತದೆ. ಅದರೊಳಗೆ ಗರಿ ತೂರಬಾರದು.

ಲೆಕ್ಕ ಸುಲಭ. ಡಿಶ್‌ಗಿಂತ ಮರ ಎಷ್ಟು ಎತ್ತರ ಇದೆಯೋ, ಅದರ ಒಂದೂವರೆ ಪಟ್ಟು ದೂರದಲ್ಲಿರಬೇಕು. ಅರವತ್ತು ಅಡಿ ತೆಂಗು, ಹದಿನೈದು ಅಡಿ ಮೇಲೆ ಡಿಶ್ ಅಂದರೆ ಹೆಚ್ಚುಕಮ್ಮಿ ಎಪ್ಪತ್ತು ಅಡಿ. ಮೂವತ್ತು ಅಡಿಗೊಂದು ಮರ ಇರುವ ತೋಟದಲ್ಲಿ ಮನೆ ಸುತ್ತಲಿನ ಎರಡು ಸಾಲೂ ಅಡ್ಡವೇ.

ಆಕಾಶ ಸ್ಕ್ಯಾನ್ ಮಾಡುವ ಆ್ಯಪ್ ಇದೆ, ಬಳಸಿ. ಆದರೆ ಜಗುಲಿಯಲ್ಲಿ ನಿಂತು ಸ್ಕ್ಯಾನ್ ಮಾಡಿದರೆ ಪ್ರಯೋಜನವಿಲ್ಲ. ಡಿಶ್ ಎಲ್ಲಿ ಕೂರುತ್ತದೋ ಅಲ್ಲೇ ನಿಲ್ಲಿ. ನನಗೆ ಆ್ಯಪ್‌ಗಿಂತ ಮಕ್ಕಳ ಜಾಮಿಟ್ರಿ ಬಾಕ್ಸ್ ಮೇಲೆ ನಂಬಿಕೆ ಜಾಸ್ತಿ. 30 ಡಿಗ್ರಿಯ ಸೆಟ್ ಸ್ಕ್ವೇರ್ ತೆಗೆದುಕೊಳ್ಳಿ. ಚೂಪು ಮೂಲೆ ಕಣ್ಣಿನ ಹತ್ತಿರ, ತಳದ ಗೆರೆ ಮಟ್ಟವಾಗಿ. ಓರೆ ಅಂಚಿನ ಗುಂಟ ಮೇಲಕ್ಕೆ ನೋಡುತ್ತ ನಿಧಾನಕ್ಕೆ ಒಂದು ಸುತ್ತು ತಿರುಗಿ. ಆ ಅಂಚಿಗಿಂತ ಮೇಲೆ ಕಂಡ ಗರಿಗಳನ್ನೆಲ್ಲ ಎಣಿಸಿ. ಕೋನ ಆ 35ಕ್ಕಿಂತ ಐದು ಡಿಗ್ರಿ ಕಮ್ಮಿ ಇಟ್ಟಿರುವುದು ಬೇಕೆಂದೇ, ಸಣ್ಣ ಮರ ಬೆಳೆಯುತ್ತದಲ್ಲ. ಗಾಳಿ ಇರುವ ದಿನ ಇನ್ನೊಮ್ಮೆ ನೋಡಿ, ಗರಿ ಸುಮ್ನೆ ನಿಲ್ಲುವುದಿಲ್ಲ.

ಒಂದೆರಡು ಗರಿ ಅಡ್ಡ ಬಂದರೆ ಸಿನಿಮಾ ನೋಡುವವರಿಗೆ ಗೊತ್ತೇ ಆಗುವುದಿಲ್ಲ, ಮುಂದಿನ ಸ್ವಲ್ಪ ಭಾಗ ಫೋನಿಗೆ ಮೊದಲೇ ಇಳಿದಿರುತ್ತದೆ. ಮೀಟಿಂಗ್‌ನಲ್ಲಿ ಇರುವವರಿಗೆ ಆಗಾಗ ಕೆಲವು ಸೆಕೆಂಡ್ ಎದುರಿನ ಮುಖ ಕಲ್ಲಾಗುತ್ತದೆ. ಅದಕ್ಕಂತ ಫಲ ಬಿಡುವ ಮರ ಕಡಿಯಬೇಡಿ. ಮೂವತ್ತಡಿ ಪೈಪ್ ನೆಡುವ ಐಡಿಯಾವೂ ಬೇಡ, ಗಾಳಿಗೆ ತೂಗುತ್ತದೆ, ಸಿಡಿಲಿಗೆ ಕರೆ ಕೊಟ್ಟ ಹಾಗೆ.

ಚಿಕ್ಕಪ್ಪನ ತಾರಸಿಯಲ್ಲಿ ಹನ್ನೊಂದು ಮರ ಅಡ್ಡ ಬಂದವು. ಬಯಲು ಅಂತ ಸಿಕ್ಕಿದ್ದು ಕಣ ಒಂದೇ. ಚಿಕ್ಕಪ್ಪ ಹೆಜ್ಜೆ ಹಾಕಿ ಅಳೆದರು, ಮನೆಗೆ ನೂರಿಪ್ಪತ್ತು ಅಡಿ. ಸ್ಟಾರ್‌ಲಿಂಕ್‌ನ ಸಾಮಾನ್ಯ ಕಿಟ್‌ನ ಕೇಬಲ್ 15 ಮೀಟರ್, ಅಂದರೆ ಐವತ್ತು ಅಡಿ. ಉದ್ದದ ಕೇಬಲ್‌ಗೆ ಬೇರೆ ದುಡ್ಡು. “ರಾಗಿ ಒಕ್ಕಣೆಗಾದ್ರೂ ಜಾಗ ಬಿಡ್ತೀರಾ?” ಅಂತ ಚಿಕ್ಕಮ್ಮ.

4. ಕರೆಂಟಿನ ಲೆಕ್ಕ

ಡಿಶ್ 75 ವ್ಯಾಟ್ ಎಳೆಯಿತು ಅನ್ನಿ. ದಿನವಿಡೀ ಓಡಿದರೆ 1.8 ಯೂನಿಟ್, ತಿಂಗಳಿಗೆ 54. ಗೃಹಜ್ಯೋತಿ ಮನೆಗಳು ಇದನ್ನು ಮರೆಯುತ್ತವೆ. ನಿಮಗೆ ನಿಗದಿಯಾದ ಉಚಿತ ಯೂನಿಟ್ ದಾಟಿದರೆ ಹೆಚ್ಚುವರಿಗೆ ಬಿಲ್, ಒಟ್ಟು 200 ದಾಟಿದರೆ ಪೂರ್ತಿ ಬಿಲ್. ರಾತ್ರಿ ಎಂಟು ಗಂಟೆ ಆರಿಸಿಟ್ಟರೆ 36 ಯೂನಿಟ್‌ಗೆ ಇಳಿಯುತ್ತದೆ. ವೈಫೈ ರೂಟರ್‌ಗೆ ಅಂತ ಮಾರುವ ಪುಟ್ಟ ಯುಪಿಎಸ್ ಇದಕ್ಕೆ ಸಾಲದು, ಮನೆಯ ಇನ್ವರ್ಟರ್‌ಗೇ ಕೊಡಿ. ಅರ್ತಿಂಗ್ ಸರಿ ಮಾಡಿಸಿ. ಕೋತಿ ಕಾಟ ಇದ್ದರೆ ಕೇಬಲ್ಲನ್ನು ಪೈಪಿನೊಳಗೆ ಹಾಯಿಸಿ.

5. ದುಡ್ಡು ಕೊನೆಗೆ

ಸ್ಟಾರ್‌ಲಿಂಕ್‌ಗೆ ನಮ್ಮಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಪರವಾನಗಿ ಇಲ್ಲದೆ ಮುಂಗಡ ಪಡೆದದ್ದಕ್ಕೆ 2021ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಜನರನ್ನು ಎಚ್ಚರಿಸಿತ್ತು. ಆಮೇಲೆ ಆ ದುಡ್ಡು ವಾಪಸಾಯಿತು. ಆದ್ದರಿಂದ ನಿಮ್ಮ ಪಿನ್‌ಕೋಡ್‌ಗೆ ಸೇವೆ ಶುರುವಾಗಿದೆಯಾ ಎಂದು ಕಂಪನಿಯ ಸೈಟ್‌ನಲ್ಲೇ ನೋಡಿ. “ಬುಕಿಂಗ್ ಮಾಡಿಕೊಡ್ತೀನಿ” ಅನ್ನುವವರ ಕೈಗೆ ದುಡ್ಡು ಕೊಡಬೇಡಿ. ದುಬೈಯಿಂದ ನೆಂಟರು ತರುವ ಕಿಟ್ಟೂ ಬೇಡ, ಪರವಾನಗಿ ಇಲ್ಲದ ಉಪಗ್ರಹ ಸಾಧನ ಇಲ್ಲಿ ಅಪರಾಧ. ಕಿಟ್ಟಿನ ಬೆಲೆ, ತಿಂಗಳ ಬಾಡಿಗೆ, ಉದ್ದದ ಕೇಬಲ್, ಕರೆಂಟು, ಎಲ್ಲ ಸೇರಿಸಿ ಮೂರು ವರ್ಷದ ಲೆಕ್ಕ ಬರೆಯಿರಿ. ಪಕ್ಕದಲ್ಲೇ 4ಜಿ ರೂಟರ್‌ನ ಲೆಕ್ಕವೂ ಇರಲಿ. ಚಿಕ್ಕಪ್ಪ ಎರಡನ್ನೂ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾರೆ. ಸದ್ಯಕ್ಕೆ ಟ್ಯಾಂಕ್ ಪಕ್ಕದ ಪೈಪಿನ ಮೇಲೆ ಆಂಟೆನಾ ಕೂತಿದೆ, ಮಗಳು ಕೆಳಗಿಳಿದು ನಡುಮನೆಯಲ್ಲಿ ಕೂರುತ್ತಾಳೆ.